ನಾಲ್ಕನೆಯವನಾಗಿ ಒಂದು ರಾತ್ರಿ

ಚಿಕ್ಕಮ್ಮನ ಮಗ ಹಾಸನದಲ್ಲಿ ಡಿಪ್ಲೊಮಾ ಓದುತ್ತಾನೆ. ಅವನೂ ಅವನ ಇಬ್ಬರು ಗೆಳೆಯರೂ ಮೊಬೈಲಿನಲ್ಲಿ ಬಿಜಿಎಂಐ ಅನ್ನುವ ಗುಂಡು ಹೊಡೆಯುವ ಆಟ ಆಡುವುದು ನೋಡಿದರೆ ನನ್ನದು ಆಟವೇ ಅಲ್ಲ. ಹೆಬ್ಬೆರಳೆರಡು ಪರದೆಯ ಕೆಳಗೆ, ತೋರುಬೆರಳೆರಡು ಮೇಲೆ. ಓಡುತ್ತಾ, ತಿರುಗುತ್ತಾ, ಹಾರುತ್ತಾ ಗುಂಡು ಹೊಡೆಯುತ್ತಾರೆ. ನನಗೆ ಎರಡು ಹೆಬ್ಬೆರಳು ಬಿಟ್ಟರೆ ಬೇರೆ ಬೆರಳು ಏಳುವುದೇ ಇಲ್ಲ. ಅವರ ತಂಡದ ನಾಲ್ಕನೆಯವನಿಗೆ ಪರೀಕ್ಷೆ ಇತ್ತು. ಒಂದು ಟೂರ್ನಿಗೆ ಅವನ ಜಾಗದಲ್ಲಿ ಆಡಲು ನನಗೆ ಫೋನ್ ಬಂತು.

"ಬೇರೆ ಯಾರೂ ಸಿಗಲಿಲ್ವೇನೋ?" ಅಂದೆ.

"ಇಲ್ಲ ಅಣ್ಣ, ಎಲ್ಲರನ್ನೂ ಕೇಳಿದೆ" ಅಂದ. ಒಂದು ಸುಳ್ಳಾದರೂ ಹೇಳಬಹುದಿತ್ತು!

ನಮ್ಮ ಮನೆಯಲ್ಲಿ ಈ ಆಟಕ್ಕೆ ಇವತ್ತಿಗೂ ಪಬ್ಜಿ ಅಂತಲೇ ಹೆಸರು. ಪಬ್ಜಿಗೆ 2020ರ ಸೆಪ್ಟೆಂಬರ್‌ನಲ್ಲೇ ನಿಷೇಧ ಬಿತ್ತು, 2021ರಲ್ಲಿ ಬಿಜಿಎಂಐ ಬಂತು, 2022ರಲ್ಲಿ ಅದೂ ಮಾಯವಾಗಿ ಮರುವರ್ಷ ವಾಪಸ್ಸಾಯಿತು. ಅಮ್ಮನಿಗೆ ಇದೆಲ್ಲ ಲೆಕ್ಕಕ್ಕಿಲ್ಲ. "ಈ ವಯಸ್ಸಲ್ಲಿ ಪಬ್ಜಿನಾ?" ಅಷ್ಟೇ.

ಟೂರ್ನಿಯಲ್ಲಿ ಹದಿನಾರು ತಂಡ, ಮೂರು ಪಂದ್ಯ. ಆಟಕ್ಕೆ ಸ್ವಲ್ಪ ಮೊದಲು ರೂಮ್ ಐಡಿ, ಪಾಸ್‌ವರ್ಡ್ ವಾಟ್ಸಾಪ್‌ಗೆ ಬರುತ್ತದೆ. ನಿಮ್ಮ ತಂಡಕ್ಕೆ ಕೊಟ್ಟ ಜಾಗ, ಅಂದರೆ ಸ್ಲಾಟ್‌ನಲ್ಲೇ ಕೂರಬೇಕು. ಬೇರೆಯವರ ಸ್ಲಾಟ್‌ನಲ್ಲಿ ಕೂತರೆ ಅಡ್ಮಿನ್ ಎತ್ತಿ ಹೊರಗೆ ಹಾಕುತ್ತಾನೆ.

ತಂಡ ನಡೆಸುವವನನ್ನು ಐಜಿಎಲ್ ಅನ್ನುತ್ತಾರೆ. ನಮ್ಮ ಐಜಿಎಲ್‌ಗೆ ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಮಾತಿಗೊಂದು ಅಣ್ಣ ಸೇರಿಸಿಯೇ ನನಗೆ ಆರ್ಡರ್ ಹಾಕಿದ: "ಅಣ್ಣ, ನೀವು ಸಪೋರ್ಟು. ಬ್ಯಾಗ್ ತುಂಬ ಸ್ಮೋಕ್ ಬಾಂಬ್ ಇಟ್ಕೊಳ್ಳಿ, ಗಾಡಿ ಓಡಿಸಿ, ಕಂಡಿದ್ದು ಹೇಳಿ. ಫೈಟ್ ನಾವು ನೋಡ್ಕೋತೀವಿ."

ಎರಂಗಲ್ ಮ್ಯಾಪ್‌ನಲ್ಲಿ ಪ್ರಿಮೋರ್ಸ್ಕ್‌ಗೆ ಇಳಿದೆವು. ನೈಋತ್ಯ ಮೂಲೆಯ ಊರು, ಜಾಸ್ತಿ ಜನ ಬರುವುದಿಲ್ಲ. ಮೊದಲೇ ಹೊಡೆದಾಡಿ ಸತ್ತರೆ ಲಾಭವಿಲ್ಲ ಅನ್ನುವುದು ನಮ್ಮ ಐಜಿಎಲ್ ಲೆಕ್ಕ. ಕೊನೆಯವರೆಗೆ ಉಳಿದು ಗೆದ್ದ ತಂಡಕ್ಕೆ 10 ಪಾಯಿಂಟ್, ಎರಡನೆಯದಕ್ಕೆ 6, ಹಾಗೇ ಇಳಿಯುತ್ತಾ ಎಂಟನೆಯ ಸ್ಥಾನಕ್ಕೆ 1. ಒಬ್ಬನನ್ನು ಹೊಡೆದರೂ ಸಿಗುವುದು 1.

ನನಗೆ ನಿಜವಾಗಿ ಕಷ್ಟವಾಗಿದ್ದು ಗುಂಡು ಹೊಡೆಯುವುದಲ್ಲ, ಮಾತಾಡುವುದು. "ಅಗೋ ಅಲ್ಲಿ, ಆ ಮರದ ಹಿಂದೆ ಒಬ್ಬ ಇದ್ದ ಹಾಗಿದೆ ನೋಡ್ರೋ" ಅನ್ನುವಷ್ಟರಲ್ಲಿ ಆ ಒಬ್ಬ ನಮ್ಮವನೊಬ್ಬನನ್ನು ಕೆಡವಿ ಆಗಿರುತ್ತಿತ್ತು. ಹುಡುಗರು ಪರದೆಯ ಮೇಲಿನ ದಿಕ್ಸೂಚಿಯ ಅಂಕಿ ಹೇಳುತ್ತಾರೆ: "ಟೂ ಫಾರ್ಟಿ, ಮರ, ಒಬ್ಬ." ಮುಗೀತು. ಅಷ್ಟರಲ್ಲಿ ಮೂರು ಬಂದೂಕೂ ಅತ್ತ ತಿರುಗಿರುತ್ತವೆ. ಕೈ ಚುರುಕಿರುವುದು ಒಂದು ಕಡೆ ಇರಲಿ, ಬೇಡದ ಮಾತು ಆಡದೆ ಇರುವುದನ್ನು ಈ ವಯಸ್ಸಿಗೇ ಎಲ್ಲಿ ಕಲಿತರೋ!

ಕೊನೆಯ ಪಂದ್ಯದಲ್ಲಿ ಮೂರೇ ತಂಡ ಉಳಿದಿದ್ದೆವು. ಬಯಲು, ಮರೆಗೆ ಒಂದೇ ಬಂಡೆ. ನಮ್ಮ ಇಬ್ಬರು ನಾಕ್ ಆಗಿ, ಅಂದರೆ ಪೂರಾ ಸಾಯದೆ ಕೆಳಗೆ ಬಿದ್ದು, ತೆವಳುತ್ತಿದ್ದರು. "ಅಣ್ಣ, ಸ್ಮೋಕ್!" ಒಂದನ್ನು ನಮ್ಮ ಮುಂದೆ, ಇನ್ನೊಂದನ್ನು ಎಡಕ್ಕೆ, ಮೂರನೆಯದನ್ನು ಸುಮ್ನೆ ದೂರಕ್ಕೆ ಎಸೆದೆ, ಅತ್ತ ಯಾರೋ ಓಡುತ್ತಿದ್ದಾರೆ ಅಂದುಕೊಳ್ಳಲಿ ಅಂತ. ಬಿದ್ದವನನ್ನು ಎಬ್ಬಿಸಲು ಹತ್ತು ಸೆಕೆಂಡ್ ಬೇಕು. ಗುಂಡುಗಳು ಹೊಗೆಯೊಳಗೆ ಕುರುಡಾಗಿ ಬರುತ್ತಿದ್ದವು. ಒಬ್ಬ ಎದ್ದ. ಎದ್ದವನೇ ಇನ್ನೊಬ್ಬನನ್ನು ಎಬ್ಬಿಸಿದ. ಆಮೇಲೆ ಆ ಹುಡುಗರು ಹೊಗೆಯಿಂದ ನುಗ್ಗಿ ಒಂದು ತಂಡವನ್ನು ಪೂರಾ ಮುಗಿಸಿದರು. ಇನ್ನೊಂದು ತಂಡ ನಮ್ಮನ್ನು ಮುಗಿಸಿತು.

ಆ ಪಂದ್ಯದಲ್ಲಿ ಎರಡನೇ ಸ್ಥಾನ. ಮೂರೂ ಸೇರಿಸಿದರೆ ಪಟ್ಟಿಯ ನಡುವೆ ಎಲ್ಲೋ ಇದ್ದೆವು, ಮುಂದಿನ ಸುತ್ತಿಗೆ ಸಾಲಲಿಲ್ಲ. ಎರಡನೇ ಪಂದ್ಯದಲ್ಲಿ ಸೇತುವೆ ದಾಟಬೇಕಿತ್ತೋ ಬೇಡವೋ ಅಂತ ಮೂವರೂ ಮಧ್ಯರಾತ್ರಿವರೆಗೆ ಕಿತ್ತಾಡಿದರು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಮುಂದಿನ ಟೂರ್ನಿಗೆ ಹಳೆಯ ಹುಡುಗ ವಾಪಸ್ ಬರುತ್ತಾನೆ. ಐದನೆಯವನ ಜಾಗದಲ್ಲಿ ಸಬ್‌ಸ್ಟಿಟ್ಯೂಟ್ ಅಂತ ನನ್ನ ಹೆಸರು ಕೊಟ್ಟಿದ್ದಾರಂತೆ. ಅಮ್ಮನಿಗೆ ಇನ್ನೂ ಹೇಳಿಲ್ಲ.