ಕಾಣದ್ದಕ್ಕೆ ಇಲ್ಲ ಎನ್ನುವ ಮೊದಲು

ಉಡುಪಿಯ ರಥಬೀದಿಯಲ್ಲಿ ನಿಂತು ಕುಲೆ, ಅಂದರೆ ಸತ್ತವರ ಪ್ರೇತ, ಉಂಟೋ ಇಲ್ಲವೋ ಎಂದು ಮಾತು ತೆಗೆದರೆ ಸಾಕು, ಎರಡು ಪಕ್ಷ ಆಗುತ್ತದೆ. 'ಯಾರೂ ಕಂಡಿಲ್ಲ, ಹಾಗಾಗಿ ಇಲ್ಲ' ಎಂದು ಒಂದು. 'ಇಲ್ಲ ಅಂತ ತೋರಿಸಿ ನೋಡುವ' ಎಂದು ಇನ್ನೊಂದು. ಎರಡೂ ಅವಸರದ ಮಾತು.

ಕಾಣದಿರುವುದು ಯಾವಾಗ ಸಾಕ್ಷಿಯಾಗುತ್ತದೆ ಎಂಬುದನ್ನು ನಮ್ಮ ಹಳೆಯ ತಾರ್ಕಿಕರು ಚೆನ್ನಾಗಿ ಅರೆದಿದ್ದಾರೆ. ಭಾಟ್ಟ ಮೀಮಾಂಸಕರು, ಅದ್ವೈತಿಗಳು ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನು, ಪ್ರತ್ಯೇಕ ಪ್ರಮಾಣ (ತಿಳಿಯುವ ದಾರಿ) ಎಂದೇ ಒಪ್ಪುತ್ತಾರೆ. ಆದರೆ ಷರತ್ತು ಉಂಟು: ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂಥ ಸ್ಥಿತಿ ಇರಬೇಕು. ಬೆಳಕಿನಲ್ಲಿ ಕೊಡ ಕಾಣದಿದ್ದರೆ ಕೊಡ ಇಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನೂ ಗೊತ್ತಾದಂತಾಗಲಿಲ್ಲ. ಬೌದ್ಧ ತಾರ್ಕಿಕ ಧರ್ಮಕೀರ್ತಿ ದೇಶ, ಕಾಲ, ಸ್ವಭಾವ ಎಂದು ಮೂರು ಬಗೆಯ ದೂರ ಹೇಳುತ್ತಾನೆ. ಸ್ವಭಾವದಿಂದಲೇ ದೂರವಾದದ್ದಕ್ಕೆ ಆ ಪರಂಪರೆಯ ಮಾಮೂಲಿ ಉದಾಹರಣೆ ಪಿಶಾಚಿ. ಅದು ಕಾಣಲಿಲ್ಲ ಎಂಬುದರಿಂದ ಹುಟ್ಟುವುದು ಸಂಶಯ, ನಿಷೇಧವಲ್ಲ. ದೇವರನ್ನು ಒಪ್ಪದವನ ಮಾತಿದು ಎನ್ನುವುದು ನೆನಪಿರಲಿ.

ಎಲೆಕ್ಟ್ರಿಷಿಯನ್‌ಗೆ ಈ ಷರತ್ತು ದಿನಬಳಕೆಯದು. ಟೆಸ್ಟರ್ ಉರಿಯಲಿಲ್ಲ ಎಂದು ನೇರ ತಂತಿಗೆ ಕೈ ಹಾಕುವವನು ಹುಂಬ. ಒಳಗಿನ ನಿಯಾನ್ ದೀಪ ಕೆಟ್ಟಿರಬಹುದು. ಒಣ ಮರದ ಸ್ಟೂಲಿನ ಮೇಲೆ ನಿಂತಿದ್ದರೆ ಮೈ ಮೂಲಕ ಹರಿಯುವ ಕರೆಂಟ್ ಸಾಲದೆ ಬೆಳಕು ಮಂಕಾಗಿರಬಹುದು. ಬಿಸಿಲಿಗೆ ಕಣ್ಣಿಗೇ ಬೀಳದಿರಬಹುದು. ಹಾಗಾಗಿ ಮೊದಲು ಕರೆಂಟ್ ಇರುವುದು ಖಾತ್ರಿಯಿರುವ ಸಾಕೆಟ್, ಆಮೇಲೆ ಸಂಶಯದ್ದು, ಕೊನೆಗೆ ಮತ್ತೆ ಖಾತ್ರಿಯ ಸಾಕೆಟ್. ಈ ಮೂರನೆಯದನ್ನೇ ಹೆಚ್ಚಿನವರು ಬಿಡುವುದು.

ಲೆಕ್ಕ ಹಾಕಿದರೂ ಇದೇ. ಇದ್ದದ್ದು ಒಂದು ಹುಡುಕಾಟದಲ್ಲಿ ಸಿಗುವ ಸಂಭವ 0.9 ಆದರೆ, ಬೇರೆ ಬೇರೆಯಾಗಿ ಮೂರು ಸಲ ಹುಡುಕಿದಾಗಲೂ ತಪ್ಪಿಸಿಕೊಳ್ಳುವ ಸಂಭವ 0.001. ಸಿಗುವ ಸಂಭವ 0.1 ಮಾತ್ರ ಆದರೆ ಅದು 0.729, ಹುಡುಕಿದ್ದು ಸಾಲದು. ಸಿಗುವ ಸಂಭವವೇ 0 ಆದರೆ? ಸಾವಿರ ಸಲ ಹುಡುಕಿದರೂ ಇದ್ದಲ್ಲೇ ಇರುತ್ತೀರಿ.

ಕಾಣದ್ದೂ ಇರುತ್ತದೆ, ದೇವರೂ ಹಾಗೆಯೇ ಎನ್ನಲು ಇಲ್ಲಿ ಯಾರಾದರೂ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣವನ್ನು ಎತ್ತುತ್ತಾರೆ. 1930ರಲ್ಲಿ ಭೌತವಿಜ್ಞಾನಿ ಪೌಲಿ ಅದನ್ನು ಊಹಿಸಿದಾಗ ಹಿಡಿಯುವ ಉಪಾಯ ಇರಲಿಲ್ಲ, 1956ರಲ್ಲಿ ಅಮೆರಿಕದ ರಿಯಾಕ್ಟರ್ ಒಂದರ ಬಳಿ ಸಿಕ್ಕಿತು. 1965ರಲ್ಲಿ ನಮ್ಮ ಕೋಲಾರದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ಉಳಿದ ಕಣಗಳನ್ನು ಮೇಲಿನ ಬಂಡೆ ತಡೆಯಲಿ ಎಂದೇ ಅಷ್ಟು ಆಳ. ಆದರೆ ನ್ಯೂಟ್ರಿನೊ ಬಹಳ ಕಷ್ಟಕ್ಕೆ ಸಿಗುವಂಥದ್ದು, ಸಿಗದೇ ಇರುವಂಥದ್ದಲ್ಲ. ಅದರ ಸಂಭವ ತೀರಾ ಸಣ್ಣದು, ಸೊನ್ನೆಯಲ್ಲ.

ಊರಿನ ಕುಲೆಯೂ ಪೂರ್ತಿ ಸೊನ್ನೆಯಲ್ಲಿ ಕೂತಿರುವುದಿಲ್ಲ. ಕಲ್ಲು ಬೀಳುತ್ತದೆ, ಹಟ್ಟಿಯ ದನ ಹಾಲು ಕೊಡುವುದಿಲ್ಲ, ಮಗುವಿಗೆ ಜ್ವರ. ಅಷ್ಟು ಹೇಳಿದ ಮೇಲೆ ಆ ಅಂಶವನ್ನು ಪರೀಕ್ಷಿಸಬಹುದು, ಇಲ್ಲ ಎಂದೂ ಹೇಳಬಹುದು. ಏನಾದರೆ ಒಪ್ಪುತ್ತೀರಿ, ಏನಾದರೆ ಬಿಡುತ್ತೀರಿ ಎಂದು ಮೊದಲೇ ಬರೆದಿಡಬೇಕು. ಇಲ್ಲದಿದ್ದರೆ ಕ್ಯಾಮೆರಾ ಇಟ್ಟ ಮರುದಿನ 'ಕ್ಯಾಮೆರಾ ಇದ್ದರೆ ಅದು ಬರುವುದಿಲ್ಲ' ಎಂಬ ಹೊಸ ಗುಣ ಸೇರಿಕೊಳ್ಳುತ್ತದೆ.

ಕುರುಹೇ ಬಿಡದ್ದರ ಬಗ್ಗೆ ಮಧ್ವರು ಇನ್ನೂ ಖಡಕ್. ನಾರಾಯಣನನ್ನು ತಿಳಿಯಲು ಸದಾಗಮ, ಅಂದರೆ ವೇದವೇ ಮೊದಲಾದ ಶಾಸ್ತ್ರ, ಒಂದೇ ದಾರಿ, ಪ್ರತ್ಯಕ್ಷವಾಗಲಿ ಬರಿಯ ಅನುಮಾನವಾಗಲಿ ಅಲ್ಲಿಗೆ ಮುಟ್ಟದು. ಆಗಮದ ಪ್ರಾಮಾಣ್ಯ ಒಪ್ಪದವರ ಜಗಳ ಅಲ್ಲಿಂದ ಶುರು, ಅದು ಬೇರೆಯೇ ವಿಷಯ. ಆದರೆ ನ್ಯೂಟ್ರಿನೊ ತೋರಿಸಿ ದೇವರನ್ನು ಸಮರ್ಥಿಸುವವರು ಮಧ್ವರ ಊರಿನಲ್ಲೇ ನಿಂತು ಅವರು ಮುಚ್ಚಿದ ಬಾಗಿಲನ್ನು ತಟ್ಟುತ್ತಿದ್ದಾರೆ.