ಬಿಸ್ಕತ್ತಿನ ಭರಣಿಯಲ್ಲಿ ಮಂಗಳ

ನಮ್ಮ ರಾತ್ರಿ ಶಾಲೆಗೆ ನಾನು ಸೇರಿದ್ದು 1977ರಲ್ಲಿ, ಒಂಬತ್ತನೇ ಕ್ಲಾಸಿಗೆ. ಹಗಲು ಬೊಂಬಾಯಿಯ ಫೋರ್ಟಿನ ಒಂದು ಉಡುಪಿ ಹೋಟೆಲಲ್ಲಿ ಟೇಬಲ್ ಒರೆಸುವ ಕೆಲಸ. ಕ್ಲಾಸಲ್ಲಿ ಅರ್ಧಕ್ಕರ್ಧ ಜನ ತೂಕಡಿಸುತ್ತಿದ್ದೆವು. ವಿಜ್ಞಾನದ ಮಾಸ್ಟ್ರು ಬಯ್ಯುತ್ತಿರಲಿಲ್ಲ. ನಿದ್ದೆ ಓಡಿಸಲು ಅವರ ಹತ್ತಿರ ಬೇರೆ ಮದ್ದಿತ್ತು.

ಹಿಂದಿನ ವರ್ಷ ಜುಲೈಯಲ್ಲಿ ಅಮೆರಿಕದ ವೈಕಿಂಗ್ ಬಾಹ್ಯಾಕಾಶ ನೌಕೆ ಮಂಗಳ ಗ್ರಹದ ಮೇಲೆ ಇಳಿದಿತ್ತು. "ಅಲ್ಲಿನ ಗಾಳಿಯಲ್ಲಿ 100ಕ್ಕೆ 95 ಪಾಲು ಕಾರ್ಬನ್ ಡೈಆಕ್ಸೈಡ್. ಅದನ್ನು ಅಡುಗೆಮನೆಯಲ್ಲೇ ಮಾಡಬಹುದು," ಅಂದರು ಮಾಸ್ಟ್ರು. ಹೋಟೆಲ್ ಹುಡುಗರಿಗೆ ಅಡುಗೆಮನೆಗೇನು ಬರ, ಅಲ್ವಾ?

ಭಾನುವಾರ ಹೋಟೆಲಿಗೆ ರಜೆ. ಗಲ್ಲಾದ ಮೇಲಿದ್ದ ಬಿಸ್ಕತ್ತಿನ ಗಾಜಿನ ಭರಣಿ ಖಾಲಿ ಮಾಡಿ, ಅಡುಗೆ ಸೋಡಾ ಸುರಿದು ಲಿಂಬೆ ಹಿಂಡಿದೆ. ಬುಸ್ ಅಂತ ನೊರೆ ಬಂತು. ಉರಿಯುವ ಕಡ್ಡಿ ಇಳಿಸಿದೆ. ಅರ್ಧಕ್ಕೇ ಆರಿತು. ಅದರ ಹೊಗೆ ಮೇಲೇಳಲಿಲ್ಲ, ತಳಕ್ಕೂ ಇಳಿಯಲಿಲ್ಲ. ಹಾಲಿನ ಕೆನೆಯ ಹಾಗೆ ಚಪ್ಪಟೆಯಾಗಿ ನಿಂತಿತು. ಕೆಳಗಿನ ಗಾಳಿ ಅಷ್ಟು ಭಾರ! ಎಷ್ಟೋ ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ.

ಕ್ಲಾಸಿಗೆ ಒಯ್ಯುವ ಆಸೆ ಹುಟ್ಟಿತು. ಇನ್ನಷ್ಟು ಲಿಂಬೆ ಹಿಂಡಿ, ನೊರೆ ಇಳಿಯುವ ಮೊದಲೇ ಮುಚ್ಚಳ ಒತ್ತಿಬಿಟ್ಟೆ. ಅದು ಹಾರಿ ಹೋಗಿ ಟ್ಯೂಬ್‌ಲೈಟಿಗೆ ಬಡಿಯಿತು. ಟ್ಯೂಬ್‌ಲೈಟು, ಒಂದು ಡಜನ್ ಲಿಂಬೆ, ಎರಡರ ದುಡ್ಡೂ ಸಂಬಳದಲ್ಲಿ ಮುರಿಯಿತು.

ಮಾಸ್ಟ್ರು ಕೇಳಿ ನಕ್ಕರು. "ಗಾಳಿಯೇನೋ ಮಂಗಳದ್ದೇ. ಒತ್ತಡ ಮಾತ್ರ ಬೊಂಬಾಯಿದು ಮಾರಾಯ." ಅಲ್ಲಿನ ಒತ್ತಡ ನಮ್ಮದರ 100ರಲ್ಲಿ ಒಂದು ಪಾಲೂ ಇಲ್ಲವಂತೆ. ಮರುದಿನ ದವಾಖಾನೆಯಿಂದ ಗಾಜಿನ ಸಿರಿಂಜ್ ತಂದರು. ಉಗುರುಬೆಚ್ಚಗಿಂತ ಜಾಸ್ತಿ ಬಿಸಿಯಿದ್ದ ನೀರು ಸ್ವಲ್ಪ ಎಳೆದು, ತುದಿಗೆ ಬೆರಳು ಒತ್ತಿ, ದಂಡವನ್ನು ಜಗ್ಗಿದರು. ಬೆಂಕಿಯಿಲ್ಲ, ಸ್ಟವ್ವಿಲ್ಲ, ನೀರು ಗುಳುಗುಳು ಕುದಿಯಿತು! ಹಿಂದಿನ ಬೆಂಚಿನವರೂ ಎದ್ದು ಬಂದರು. ಒತ್ತಡ ತಗ್ಗಿದರೆ ನೀರಿಗೆ ಅಷ್ಟು ಬಿಸಿ ಬೇಡ. ಮಂಗಳದಲ್ಲಿ ಅದು ಹೆಚ್ಚುಕಮ್ಮಿ ಸೊನ್ನೆ ಡಿಗ್ರಿಯಲ್ಲೇ ಕುದಿಯುತ್ತದೆ.

ಶುಕ್ರವನ್ನೂ ಮಾಡೋಣ ಸರ್ ಅಂದೆ. ಮನೆಯ ಕುಕ್ಕರಿನೊಳಗೆ ಹೊರಗಿನ ಎರಡರಷ್ಟು ಒತ್ತಡ, ಶುಕ್ರದಲ್ಲಿ 90ರಷ್ಟು, ಸೀಸ ಕರಗುವ ಬಿಸಿ ಬೇರೆ. "ಅದು ಬೇಡ. ಸಂಬಳ ಸಾಲದು," ಅಂದರು.

ರಾತ್ರಿ ಇದನ್ನೆಲ್ಲ ನಮ್ಮ ಅಡುಗೆ ಭಟ್ರಿಗೆ ಹೇಳಿದೆ. ಅವರು ರುಬ್ಬುವುದನ್ನು ನಿಲ್ಲಿಸಿ ಯೋಚಿಸಿದರು. "ಸೊನ್ನೆಯಲ್ಲೇ ಕುದಿದ್ರೆ ಬೇಳೆ ಬೇಯೂದು ಹೇಗೆ? ಅಲ್ಲಿ ಹೋಟೆಲ್ ಹಾಕಿ ಪ್ರಯೋಜನ ಇಲ್ಲ ಮಾಣಿ."