ಗ್ಯಾಸ್ ಎಲ್ಲಿಗೆ ಹೋಗ್ತದೆ?

ಉಳ್ಳಾಲದ ಕಡೆ ಒಂದು ಮನೆ. ಸಮುದ್ರಕ್ಕೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. ರಿಟೈರ್ಡ್ ಟೀಚರ್ ಮತ್ತು ಅವರ ಯಜಮಾನರು, ಇಬ್ಬರೇ ಇರುವುದು. ಯಜಮಾನರಿಗೆ ಉಸಿರಾಟದ ತೊಂದರೆ. ಹಾಗಾಗಿ ಮಲಗುವ ಕೋಣೆಗೆ ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ ಹಾಕಿಸಿದ್ದರು. ಆರ್32 ಅನ್ನುವ ಕೂಲಿಂಗ್ ಗ್ಯಾಸಿನದ್ದು. ನಾನು ಎಸಿ ಮೆಕ್ಯಾನಿಕ್. ಕಳೆದ ಬೇಸಿಗೆಯಲ್ಲಿ ಆ ಮನೆಗೆ ಮೂರು ಸಲ ಹೋದೆ. ಮೊದಲ ಎರಡು ಸಲ ತಪ್ಪು ಕೆಲಸ ಮಾಡಿ ಬಂದೆ. ಮೂರನೇ ಸಲ ಅದಕ್ಕಿಂತ ದೊಡ್ಡ ತಪ್ಪು ಮಾಡುವುದರಲ್ಲಿದ್ದೆ. ವರ್ಷವಾದರೂ ಅದು ಮನಸ್ಸಿನಿಂದ ಹೋಗಿಲ್ಲ.

ಮೊದಲ ಕಾಲ್ ಮಾರ್ಚ್ 7ಕ್ಕೆ. ಕಂಪ್ಲೇಂಟ್ 'ಕೂಲಿಂಗ್ ಕಡಿಮೆ'. ಆ ದಿನ ನನ್ನ ಲಿಸ್ಟ್‌ನಲ್ಲಿ ಎಂಟು ಕಾಲ್ ಇದ್ದವು. ಫಿಲ್ಟರ್ ತೊಳೆದೆ, ಎಸಿ ಬಿಡದೆ ಓಡುವ ಹಾಗೆ ಫೋರ್ಸ್ಡ್ ಕೂಲ್‌ಗೆ ಹಾಕಿ ಪ್ರೆಷರ್ ಗೇಜ್ ಕಟ್ಟಿದೆ. ಸಕ್ಷನ್, ಅಂದರೆ ಕಂಪ್ರೆಸರ್‌ಗೆ ವಾಪಸ್ ಬರುವ ಗ್ಯಾಸಿನ ಪ್ರೆಷರ್, 80 ಪಿಎಸ್ಐ ತೋರಿಸಿತು. ಗ್ಯಾಸ್ ಕಡಿಮೆ ಅಂತ ಸಿಲಿಂಡರ್ ತೆಗೆದು 130ಕ್ಕೆ ತಂದೆ. ಗ್ರಿಲ್‌ನಲ್ಲಿ ಗಾಳಿ 13 ಡಿಗ್ರಿ ಬಂತು. ಟೀಚರ್‌ಗೂ ಖುಷಿ, ನನಗೂ ಖುಷಿ. 2,800 ರೂಪಾಯಿ ಬಿಲ್, ಕೆಲಸ ಆಯಿತು ಅಂತ ಕಸ್ಟಮರ್ ಕೊಡುವ ಹ್ಯಾಪಿ ಕೋಡ್ ತಗೊಂಡು ಕಾಲ್ ಕ್ಲೋಸ್. ಒಟ್ಟು 35 ನಿಮಿಷ.

ಹೊರಡುವಾಗ ಟೀಚರ್ ಗೇಟ್ ಹತ್ತಿರ ಕೇಳಿದರು. "ಈ ಗ್ಯಾಸ್ ಎಲ್ಲಿಗೆ ಹೋಗ್ತದೆ?" ನಾನು "ಯೂಸ್ ಆದ ಹಾಗೆ ಕಡಿಮೆ ಆಗುತ್ತೆ ಟೀಚರ್" ಅಂದುಬಿಟ್ಟೆ. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನನ್ನ ಬಾಯಲ್ಲಿ ಆ ಮಾತು ಬಂತು. ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಎಸಿ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಅಲ್ಲ, ಉರಿದು ಖಾಲಿ ಆಗುವುದಿಲ್ಲ. ಕಂಪ್ರೆಸರ್‌ನಿಂದ ಕಂಡೆನ್ಸರ್‌ಗೆ, ಅಲ್ಲಿಂದ ಒಳಗಿನ ಕಾಯಿಲ್‌ಗೆ, ಮತ್ತೆ ಕಂಪ್ರೆಸರ್‌ಗೆ, ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಒಂದು ದಾರಿ ಮಾಡಿಕೊಂಡು ಹೊರಗೆ ಹೋಗಿದೆ. ಆ ದಾರಿ ಹುಡುಕಲು ಒಂದು ಗಂಟೆ ಬೇಕು. ಸುಮ್ನೆ ತುಂಬಿ ಬರಲು ಅರ್ಧ ಗಂಟೆ ಸಾಕು.

ಎರಡನೇ ಕಾಲ್ ಏಪ್ರಿಲ್ 19. ಈ ಸಲ ಕೂಲಿಂಗ್ ಇಲ್ಲ, ಜೊತೆಗೆ ಒಳಗಿನ ಯೂನಿಟ್‌ನಿಂದ ಹಾಸಿಗೆ ಮೇಲೆ ನೀರು. ನಾನು ಏಣಿ ಹತ್ತಿದ್ದೆ. ಟೀಚರ್ ಕೆಳಗೆ ನಿಂತು ಏನೋ ಹೇಳುತ್ತಿದ್ದರು. ಅದೇ ಹೊತ್ತಿಗೆ ಆಫೀಸಿನಿಂದ ಫೋನ್, ಮುಂದಿನ ಕಸ್ಟಮರ್ ಕಾಯುತ್ತಿದ್ದಾರೆ ಅಂತ. ಟೀಚರ್ ಮಾತಲ್ಲಿ "ಐಸ್ ಒಂದೇ ಕಡೆ ಕಟ್ಟೋದು" ಅನ್ನೋದಷ್ಟೇ ಕಿವಿಗೆ ಬಿತ್ತು. "ಫಿಲ್ಟರ್ ವಾರಕ್ಕೊಮ್ಮೆ ತೊಳೀರಿ ಟೀಚರ್, ಸರಿ ಹೋಗುತ್ತೆ" ಅಂದೆ. "ನಾನು ಪ್ರತಿ ಆದಿತ್ಯವಾರ ತೊಳೀತೇನೆ" ಅಂದರು ಅವರು. ಅಷ್ಟು ಹೇಳಿದ ಮೇಲೂ ನಾನು ನಿಂತು ಯೋಚನೆ ಮಾಡಲಿಲ್ಲ. ಡ್ರೈನ್ ಪೈಪಿಗೆ ಬ್ಲೋವರ್ ಹಿಡಿದೆ, ಮತ್ತೆ ಗ್ಯಾಸ್ ತುಂಬಿದೆ, ಮತ್ತೆ 2,800.

ಮೇ 21ಕ್ಕೆ ಮೂರನೇ ಕಾಲ್. ರಿಪೀಟ್ ಅಂತ ಬ್ರಾಂಚ್‌ನಲ್ಲಿ ಕೆಂಪು ಗುರುತು ಬಿದ್ದಿತ್ತು. ಈ ಸಲ ಲೀಕ್ ಟೆಸ್ಟ್ ಮಾಡಲು ನೈಟ್ರೋಜನ್ ಸಿಲಿಂಡರ್ ಹೊತ್ತುಕೊಂಡು, ನಮ್ಮ ಹೆಲ್ಪರ್ ಹುಡುಗನನ್ನೂ ಕರೆದುಕೊಂಡು ಹೋದೆ. ಹಾವೇರಿ ಕಡೆಯವನು, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು.

ಮೊದಲು ಹೊರಗಿನ ಯೂನಿಟ್. ಪಾತ್ರೆ ತೊಳೆಯುವ ಜೆಲ್ ನೀರಿಗೆ ಕಲಸಿ ಎರಡೂ ಫ್ಲೇರ್ ನಟ್ಟಿಗೆ (ಬಾಯಿ ಅಗಲಿಸಿದ ತಾಮ್ರದ ಪೈಪನ್ನು ಬಿಗಿ ಹಿಡಿಯುವ ನಟ್ಟು), ವಾಲ್ವ್ ಪಿನ್ನಿಗೆ ಹಚ್ಚಿದೆ. ಗುಳ್ಳೆ ಇಲ್ಲ. ಉಳಿದ ಗ್ಯಾಸ್ ಪಂಪ್ ಡೌನ್ ಮಾಡಿ ಹೊರಗಿನ ಯೂನಿಟ್‌ಗೆ ಎಳೆದೆ. ಎರಡೂ ವಾಲ್ವ್ ಮುಚ್ಚಿ, ಪೈಪ್ ಮತ್ತು ಒಳಗಿನ ಯೂನಿಟ್ ಕಡೆಗೆ 300 ಪಿಎಸ್ಐ ನೈಟ್ರೋಜನ್ ಬಿಟ್ಟೆ. ಗಡಿಯಾರ ನೋಡಿಕೊಂಡು ಕೂತೆವು. ಇಪ್ಪತ್ತು ನಿಮಿಷಕ್ಕೆ ಮುಳ್ಳು 284ಕ್ಕೆ ಬಂತು. ಹವೆ ಒಂದು ಡಿಗ್ರಿ ಇಳಿದರೆ ಆ ಪ್ರೆಷರ್‌ನಲ್ಲಿ ಒಂದು ಪಿಎಸ್ಐ ಇಳಿಯುವುದು ಮಾಮೂಲು. ಆದರೆ ಮೇ ತಿಂಗಳ ಮಧ್ಯಾಹ್ನ ಹದಿನಾರು ಡಿಗ್ರಿ ತಣ್ಣಗಾಗುವ ಊರು ನಮ್ಮದಲ್ಲ. ಲೀಕ್ ಇರುವುದು ಒಳಗಡೆಯೇ.

ಪೈಪಿನ ಮಧ್ಯೆ ಎಲ್ಲೂ ಜಾಯಿಂಟ್ ಇರಲಿಲ್ಲ. ಪ್ಯಾನಲ್ ತೆಗೆದು ಕಾಯಿಲ್‌ಗೆ, ಅದರ ಬದಿಯ ಬೆಂಡ್‌ಗಳಿಗೆ ಸೋಪು ನೀರು ಹೊಡೆದೆ. ಗುಳ್ಳೆ ಬರಲಿಲ್ಲ. ಬರದಿದ್ದರೂ ನನ್ನ ತಲೆಯಲ್ಲಿ ತೀರ್ಮಾನ ಆಗಿಹೋಗಿತ್ತು. ಕಾಯಿಲ್ ಹೋಗಿದೆ, ಕಣ್ಣಿಗೆ ಕಾಣದಷ್ಟು ಸಣ್ಣ ತೂತು, ಸೋಪಿಗೂ ಸಿಗುತ್ತಿಲ್ಲ.

ಯಾಕೆ ಹಾಗೆ ಅಂದುಕೊಂಡೆ ಅಂತ ಹೇಳಬೇಕು. ಕರಾವಳಿಯಲ್ಲಿ ಕೆಲಸ ಮಾಡುವವರಿಗೆ ಉಪ್ಪು ಗಾಳಿ ಅಂದರೆ ಏನು ಅಂತ ಗೊತ್ತು. ತಾಮ್ರದ ಪೈಪು, ಅಲ್ಯೂಮಿನಿಯಂ ಫಿನ್ನು, ನಡುವೆ ಉಪ್ಪು ನೀರಿನ ಪಸೆ. ಫಿನ್ ಬಿಳಿ ಪುಡಿಯಾಗಿ ಉದುರುತ್ತದೆ. ಸಮುದ್ರದ ಹತ್ತಿರದ ಮನೆಗಳಲ್ಲಿ ಹೊರಗಿನ ಕಂಡೆನ್ಸರ್‌ಗೆ ಬೆರಳು ತಾಗಿಸಿದರೆ ಹಪ್ಪಳದ ಹಾಗೆ ಮುರಿಯುವುದನ್ನು ನಾನು ನೂರು ಸಲ ನೋಡಿದ್ದೇನೆ. ಆ ನೂರು ಸಲದ ಅನುಭವವೇ ನನ್ನ ಕಣ್ಣಿಗೆ ಅಡ್ಡ ನಿಂತಿತು. ಈ ಮನೆಯ ಒಳಗಿನ ಕಾಯಿಲ್ ಹೊಸದರ ಹಾಗೆ ಹೊಳೆಯುತ್ತಿತ್ತು. ಹೊಳೆಯುವುದನ್ನು ನೋಡುತ್ತಲೇ "ಕಾಯಿಲ್ ಹೋಗಿದೆ ಟೀಚರ್, ಉಪ್ಪು ಗಾಳಿ. ಕಾಯಿಲ್, ಗ್ಯಾಸ್ ಎಲ್ಲಾ ಸೇರಿ 11,500 ಆಗುತ್ತೆ" ಅಂದೆ.

ಅವರು ಚೌಕಾಸಿ ಮಾಡಲಿಲ್ಲ. ಒಳಗೆ ಹೋಗಿ ಚೆಕ್ ಪುಸ್ತಕ ತಂದರು. ಕನ್ನಡಕ ಹಾಕಿಕೊಂಡರು. ಬರೆಯುವ ಮೊದಲು ಪೆನ್ ಹಿಡಿದುಕೊಂಡೇ ಕೇಳಿದರು. "ಒಂದು ಮಾತು ಹೇಳಿ. ಲೀಕ್ ಆದ ಗ್ಯಾಸ್ ಇದೇ ಕೋಣೆಯಲ್ಲಿ ಬಂದದ್ದು ಅಲ್ವಾ? ಇವರು ದಿನಾ ಇಲ್ಲೇ ಮಲಗೋದು. ಇವರ ಎದೆಗೆ ಏನಾದ್ರೂ ಆಗಿರಬಹುದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಜಮಾನರು ಮೂಲೆಯ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಇನ್ಹೇಲರ್. ಎರಡು ಸಲ ಆ ಕೋಣೆಗೆ ಸೋರಲಿಕ್ಕೆ ಅಂತಲೇ ಗ್ಯಾಸ್ ತುಂಬಿಕೊಟ್ಟವನು ನಾನು. ಕೈ ತಣ್ಣಗಾಯಿತು. "ಏನೂ ಆಗಲ್ಲ" ಅಂತ ಬಾಯಿಗೆ ಬಂತು. ಮಾರ್ಚ್‌ನಲ್ಲಿ ಹೇಳಿದ ಸುಳ್ಳು ನೆನಪಾಗಿ ತಡೆದುಕೊಂಡೆ. "ಸರಿಯಾಗಿ ವಿಚಾರಿಸಿ ನಾಳೆ ಬೆಳಗ್ಗೆ ಹೇಳ್ತೀನಿ" ಅಂದೆ.

ಆಗ ಅವರು ಅಡುಗೆಮನೆಯ ಗೋಡೆಯಿಂದ ಕ್ಯಾಲೆಂಡರ್ ತೆಗೆದು ತಂದರು. ಹಾಲಿನ ಲೆಕ್ಕದ ಪಕ್ಕ ಕೆಂಪು ಪೆನ್ನಿನಲ್ಲಿ ಸಣ್ಣ ಸಣ್ಣ ಅಕ್ಷರ. ಮಾರ್ಚ್ 7, ಗ್ಯಾಸ್. ಮಾರ್ಚ್ 29, ತಂಪಾಗಲು ಒಂದು ಗಂಟೆ. ಏಪ್ರಿಲ್ 8, ಹೊರಗಿನ ಸಪೂರ ಪೈಪಿನಲ್ಲಿ ಬಿಳಿ ಮಂಜು. ಏಪ್ರಿಲ್ 13, ಐಸ್ ಒಂದು ಕಡೆ ಮಾತ್ರ, ಉಳಿದದ್ದು ಒಣ. ಏಪ್ರಿಲ್ 18, ಎಸಿ ಆಫ್ ಮಾಡಿದ ಮೇಲೆ ನೀರು. ಅದರ ಕೆಳಗೆ ಮೆಸ್ಕಾಂ ಬಿಲ್, ಹೋದ ತಿಂಗಳಿಗಿಂತ ಎಷ್ಟು ಜಾಸ್ತಿ ಅಂತ. ಏಪ್ರಿಲ್ 19, ಗ್ಯಾಸ್. ಆಮೇಲೆ ಅದೇ ಸಾಲು ಅದೇ ಕ್ರಮದಲ್ಲಿ ಇನ್ನೊಮ್ಮೆ.

ಗ್ಯಾಸ್ ಲೀಕ್ ಗುರುತಿಸುವುದು ಹೇಗೆ ಅಂತ ಟ್ರೇನಿಂಗ್‌ನಲ್ಲಿ ನಮಗೆ ಹೇಳಿಕೊಟ್ಟಿದ್ದು ಪೂರ್ತಿ ಆ ಕ್ಯಾಲೆಂಡರಿನಲ್ಲಿತ್ತು. ಫಿಲ್ಟರ್ ಕಟ್ಟಿ ಗಾಳಿ ಸಾಲದೆ ಐಸ್ ಆದರೆ ಕಾಯಿಲ್ ಉದ್ದಕ್ಕೂ ಒಂದೇ ಸಮ ಕಟ್ಟುತ್ತದೆ. ಗ್ಯಾಸ್ ಕಡಿಮೆ ಇದ್ದರೆ ಹಾಗಲ್ಲ. ಆರ್32ಗೆ 130 ಪಿಎಸ್ಐ ಅಂದರೆ ಕಾಯಿಲ್ ಏಳು ಡಿಗ್ರಿ ಹತ್ತಿರ ಇರುತ್ತದೆ. 80ಕ್ಕೆ ಇಳಿದರೆ ಸೊನ್ನೆಗಿಂತ ಆರೇಳು ಡಿಗ್ರಿ ಕೆಳಗೆ. ಇರುವ ಸ್ವಲ್ಪ ಗ್ಯಾಸ್ ಕಾಯಿಲ್‌ಗೆ ಬಂದ ಕೂಡಲೇ ಆವಿಯಾಗಿ ಮುಗಿಯುತ್ತದೆ, ಅಷ್ಟು ಜಾಗದಲ್ಲಿ ಮಾತ್ರ ಐಸ್, ಮುಂದಕ್ಕೆಲ್ಲ ಕಾಯಿಲ್ ಒಣಗಿ ಬೆಚ್ಚಗೆ. ಆಫ್ ಮಾಡಿದಾಗ ಆ ಐಸ್ ಒಮ್ಮೆಗೇ ಕರಗಿ ಟ್ರೇ ತುಂಬಿ ಹಾಸಿಗೆಗೆ ಸುರಿಯುತ್ತದೆ. ನಾನು ಬ್ಲೋವರ್ ಹಿಡಿದ ಡ್ರೈನ್ ಪೈಪಿನಲ್ಲಿ ಏನೂ ಕಟ್ಟಿರಲಿಲ್ಲ. ರೂಮ್ ಸೆಟ್ ಟೆಂಪರೇಚರಿಗೆ ಬರುವುದೇ ಇಲ್ಲ, ಇನ್ವರ್ಟರ್ ಸ್ಪೀಡ್ ಇಳಿಸುವುದೇ ಇಲ್ಲ, ಬಿಲ್ ಏರುತ್ತದೆ. ಇಷ್ಟನ್ನೂ ಟೀಚರ್ ಗೇಜ್ ಇಲ್ಲದೆ ಕಂಡುಹಿಡಿದಿದ್ದರು. ಏಪ್ರಿಲ್‌ನಲ್ಲಿ ಏಣಿ ಕೆಳಗೆ ನಿಂತು ಹೇಳುತ್ತಿದ್ದದ್ದು ಇದನ್ನೇ.

ಅಷ್ಟರಲ್ಲಿ ಹುಡುಗ ಮೆತ್ತಗೆ ಹೇಳಿದ. "ಅಣ್ಣಾ, ಹಿಂದಿನ ಜಾಯಿಂಟ್ ಬಿಚ್ಚಿ ನೋಡಿಲ್ಲಲ್ಲ."

ಒಳಗಿನ ಯೂನಿಟ್‌ನ ಎರಡು ಫ್ಲೇರ್ ಜಾಯಿಂಟ್ ಇರುವುದು ಅದರ ಬೆನ್ನ ಹಿಂದೆ. ಇನ್ಸುಲೇಷನ್ ಸುತ್ತಿ, ಮೇಲೆ ಟೇಪ್ ಸುತ್ತಿ, ಗೋಡೆಗೆ ಒತ್ತಿ ಕೂರಿಸಿರುತ್ತಾರೆ. ಬಿಚ್ಚುವುದು ರಗಳೆ, ಹಾಗಾಗಿ ಕೊನೆಗೆ ನೋಡೋಣ ಅಂತ ಬಿಟ್ಟಿದ್ದೆ. ಆಮೇಲೆ ಕಾಯಿಲ್ ಅಂತ ತೀರ್ಮಾನ ಮಾಡಿ ಅದನ್ನು ಮರೆತೇಬಿಟ್ಟಿದ್ದೆ. ಯೂನಿಟ್ಟಿನ ಕೆಳಭಾಗ ಎತ್ತಿ, ನಡುವೆ ಒಂದು ರಟ್ಟಿನ ಉಂಡೆ ತುರುಕಿ ಟೇಪ್ ಬಿಚ್ಚಿದೆ. ಕೈಗೆ ಜಿಡ್ಡು ಹತ್ತಿತು. ಇನ್ಸುಲೇಷನ್ ಒಳಗೆ ಕಂಪ್ರೆಸರ್ ಆಯಿಲ್, ಅದಕ್ಕೆ ಧೂಳು ಮೆತ್ತಿ ಕಪ್ಪಗೆ. ಗ್ಯಾಸ್ ಹೊರಗೆ ಹೋಗುವಾಗ ಆಯಿಲನ್ನೂ ಸ್ವಲ್ಪ ಜೊತೆಗೆ ಒಯ್ಯುತ್ತದೆ. ಒಣಗಿರಬೇಕಾದ ಜಾಗದಲ್ಲಿ ಜಿಡ್ಡು ಕಂಡರೆ ಬೇರೆ ಸಾಕ್ಷಿ ಬೇಡ. ಆದರೂ ಸೋಪು ಹಚ್ಚಿದೆ. ಕಾಲಿಂಚಿನ ನಟ್ಟಿನ ಅಂಚಿನಲ್ಲಿ ಮೊದಲು ಏನೂ ಇಲ್ಲ. ಒಂದು ನಿಮಿಷ ಕಾದ ಮೇಲೆ ಬೆಂದ ಸಬ್ಬಕ್ಕಿ ಕಾಳಿನಂಥ ಗುಳ್ಳೆಗಳು ಒಂದರ ಪಕ್ಕ ಒಂದು, ನಿಧಾನಕ್ಕೆ ಉಬ್ಬುತ್ತಾ ಬಂದವು.

ನಟ್ಟು ಬಿಚ್ಚಿ ಪೈಪಿನ ಬಾಯಿ ನೋಡಿದೆ. ಫ್ಲೇರ್‌ನಲ್ಲಿ ಕೂದಲೆಳೆಯಷ್ಟು ಸೀಳು.

ಆ ಫ್ಲೇರ್ ಕಟ್ಟಿದವನು ನಾನೇ. ಹಿಂದಿನ ನವೆಂಬರ್‌ನಲ್ಲಿ ಅವರು ಮನೆಗೆ ಪೇಂಟ್ ಮಾಡಿಸಿದಾಗ ಎಸಿ ಬಿಚ್ಚಿ ಮತ್ತೆ ಕೂರಿಸಿದ್ದು ನಾನು. ಆರ್32 ಎಸಿಗಳ ಇನ್‌ಸ್ಟಲೇಷನ್ ಪುಸ್ತಕದಲ್ಲೇ ಬರೆದಿದೆ, ಒಳಗಿನ ಫ್ಲೇರ್ ಬಿಚ್ಚಿದರೆ ಹಳೆಯದನ್ನು ಕತ್ತರಿಸಿ ಹೊಸದಾಗಿ ಮಾಡಬೇಕು ಅಂತ. ಒಮ್ಮೆ ಒತ್ತಿ ಬಿಗಿಯಾದ ತಾಮ್ರ ಗಟ್ಟಿಯಾಗಿರುತ್ತದೆ, ಎರಡನೇ ಸಲ ಬಿಗಿ ಮಾಡಿದರೆ ಬಿರಿಯುತ್ತದೆ. ಹತ್ತು ನಿಮಿಷ ಉಳಿಸಲಿಕ್ಕೆ ಹಳೆ ಫ್ಲೇರ್‌ಗೇ ನಟ್ಟು ಕೂರಿಸಿದ್ದೆ. ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಟಾರ್ಕ್ ವ್ರೆಂಚ್ ವ್ಯಾನಿನಲ್ಲೇ ಇತ್ತು. ಪಾನಾದಲ್ಲಿ ಕೈ ಅಂದಾಜಿಗೆ ಬಿಗಿ ಮಾಡಿ, ಇರಲಿ ಅಂತ ಇನ್ನೊಂದು ಸುತ್ತು ಜಾಸ್ತಿ ಕೊಟ್ಟಿದ್ದೆ.

ಟೀಚರ್ ಇನ್ನೂ ಚೆಕ್ ಪುಸ್ತಕ ಹಿಡಿದು ನಿಂತಿದ್ದರು. ಹೇಳಿದೆ. ಕಾಯಿಲ್ ಸರಿಯಿದೆ, ಜಾಯಿಂಟ್ ಲೀಕ್, ಅದು ನವೆಂಬರ್‌ನಲ್ಲಿ ನಾನು ಮಾಡಿದ ತಪ್ಪು, ಎರಡು ಸಲ ಗ್ಯಾಸ್ ದುಡ್ಡು ತಗೊಂಡಿದ್ದೂ ತಪ್ಪು ಅಂತ. ಅವರು ಪುಸ್ತಕ ಮುಚ್ಚಿದರು. ಬೈಯಲಿಲ್ಲ. "ಅವತ್ತು ನಾನು ಹೇಳುವಾಗ ನೀವು ಕೇಳಲೇ ಇಲ್ಲ" ಅಂದರು. ಕ್ಲಾಸಿನಲ್ಲಿ ಹುಡುಗನಿಗೆ ಹೇಳುವ ಹಾಗೆ, ಅಷ್ಟೇ ಮೆತ್ತಗೆ.

ಎರಡೂ ಕಡೆ ಹೊಸ ಫ್ಲೇರ್ ಮಾಡಿ, ಟಾರ್ಕ್ ವ್ರೆಂಚ್‌ನಲ್ಲಿ ಬಿಗಿ ಮಾಡಿ, ಮತ್ತೆ 300 ನೈಟ್ರೋಜನ್ ಹಾಕಿದೆ. ಒಂದು ಗಂಟೆ ಮುಳ್ಳು ಅಲ್ಲಾಡಲಿಲ್ಲ. ಒಳಗಿನ ಗಾಳಿ, ಪಸೆ ಎಲ್ಲ ಪಂಪಿನಲ್ಲಿ ಎಳೆದು 500 ಮೈಕ್ರಾನ್‌ವರೆಗೆ ವ್ಯಾಕ್ಯೂಮ್. ಹಳೆ ಗ್ಯಾಸ್ ರಿಕವರ್ ಮಾಡಿ, ನೇಮ್ ಪ್ಲೇಟ್‌ನಲ್ಲಿ ಬರೆದ 720 ಗ್ರಾಂ ತಕ್ಕಡಿ ಇಟ್ಟು ತುಂಬಿದೆ. ಹೊರಗೆ ಬರುವಾಗ ಏಳು ಗಂಟೆ ದಾಟಿತ್ತು. ಅವತ್ತಿನ ಉಳಿದ ಐದು ಕಾಲ್ ಪೆಂಡಿಂಗ್.

ರಾತ್ರಿ ನಮ್ಮ ಸೀನಿಯರ್ ಒಬ್ಬರಿಗೆ ಫೋನ್ ಮಾಡಿ ಯಜಮಾನರ ವಿಷಯ ಕೇಳಿದೆ. ಅವರು ಲೆಕ್ಕ ಹಾಕಿಸಿದರು. ಹತ್ತು ಹನ್ನೆರಡರ ಕೋಣೆ, ಹತ್ತಡಿ ಎತ್ತರ, ಸುಮಾರು 34 ಘನ ಮೀಟರ್. 720 ಗ್ರಾಮೂ ಒಂದೇ ಕ್ಷಣಕ್ಕೆ ಹೊರಬಂದು ಕೋಣೆ ತುಂಬ ಹರಡಿದರೂ ಘನ ಮೀಟರಿಗೆ 21 ಗ್ರಾಂ. ಬೆಂಕಿ ಹಿಡಿಯಲು 300 ಗ್ರಾಂ ಹತ್ತಿರ ಬೇಕು. ವಿಷದ ಲೆಕ್ಕದಲ್ಲೂ ಅದು ಕಡಿಮೆ ವಿಷದ 'ಎ' ಗುಂಪಿನ ಗ್ಯಾಸ್. ಇಲ್ಲಿ ಸೋರಿದ್ದು ವಾರಗಟ್ಟಲೆ, ಸ್ವಲ್ಪ ಸ್ವಲ್ಪವಾಗಿ. ಬೆಳಗ್ಗೆ ಫೋನ್ ಮಾಡಿ ಇದನ್ನೆಲ್ಲ ಟೀಚರ್‌ಗೆ ಹೇಳಿದೆ. ಎದೆಯ ವಿಷಯ ಡಾಕ್ಟರ್ ಹತ್ತಿರವೇ ಕೇಳಿ ಅಂತಲೂ ಹೇಳಿದೆ. ಇನ್ನೊಂದು ಮಾತೂ ಹೇಳಿದೆ. ಈ ಗ್ಯಾಸಿಗೆ ಅಡುಗೆ ಗ್ಯಾಸಿನ ಹಾಗೆ ವಾಸನೆ ಸೇರಿಸಿರುವುದಿಲ್ಲ, ಮೂಗಿಗೆ ಗೊತ್ತಾಗುತ್ತೆ ಅಂತ ಕಾಯಬೇಡಿ. ಗಾಳಿಗಿಂತ ಭಾರ, ನೆಲದ ಹತ್ತಿರ ಕೂರುತ್ತದೆ. ಯೂನಿಟ್‌ನಿಂದ ಜೋರಾಗಿ ಬುಸ್ ಅಂತ ಸದ್ದು ಬಂದರೆ ಬೆಂಕಿ, ದೀಪ ಹಚ್ಚದೆ ಬಾಗಿಲು ಕಿಟಕಿ ತೆರೆದು ಹೊರಗೆ ಬಂದುಬಿಡಿ.

ಬ್ರಾಂಚ್‌ನಲ್ಲಿ 5,600 ರೂಪಾಯಿ ವಾಪಸ್ ಕೊಡಿಸಲು ನನಗೆ ಎರಡು ವಾರ ಬೇಕಾಯಿತು. ತಪ್ಪು ನನ್ನದು, ಅದನ್ನು ಜಾಬ್ ಶೀಟ್‌ನಲ್ಲೇ ಬರೆದುಕೊಟ್ಟೆ. ಆದರೆ ನಮ್ಮ ವ್ಯವಸ್ಥೆ ಬಗ್ಗೆಯೂ ನನಗೆ ಸಿಟ್ಟಿದೆ. ದಿನಕ್ಕೆ ಎಂಟು ಕಾಲ್ ಕೊಟ್ಟು, ಕ್ಲೋಸ್ ಮಾಡಿದ್ದಕ್ಕೆ ಇನ್ಸೆಂಟಿವ್ ಕೊಟ್ಟರೆ ಲೀಕ್ ಹುಡುಕಲು ಯಾರು ಕೂರುತ್ತಾರೆ? ಆ್ಯಪ್‌ನಲ್ಲಿ 'ಗ್ಯಾಸ್ ಚಾರ್ಜಿಂಗ್' ಒತ್ತಿದರೆ ಎಷ್ಟು ಗ್ರಾಂ ಅಂತಲೂ ಕೇಳುವುದಿಲ್ಲ, ಲೀಕ್ ಎಲ್ಲಿತ್ತು ಅಂತಲೂ ಕೇಳುವುದಿಲ್ಲ. ಮೂರು ಮೀಟಿಂಗ್‌ನಲ್ಲಿ ಹೇಳಿದ್ದೇನೆ, ಆ ಒಂದು ಕಾಲಂ ಸೇರಿಸಿ ಅಂತ. ಇನ್ನೂ ಬಂದಿಲ್ಲ. ಅದು ಬರುವವರೆಗೆ ರಿಮಾರ್ಕ್ಸ್‌ನಲ್ಲಿ ನಾನೇ ಟೈಪ್ ಮಾಡುತ್ತೇನೆ. ಬಿಲ್ ಹಿಂದೆಯೂ ಪೆನ್ನಿನಲ್ಲಿ ಬರೆದು ಮನೆಯವರ ಕೈಗೆ ಕೊಡುತ್ತೇನೆ, ಲೀಕ್ ಇಂಥ ಕಡೆ, ಗ್ಯಾಸ್ ಇಷ್ಟು ಗ್ರಾಂ. ಬರೆದುಕೊಡದ ಮೆಕ್ಯಾನಿಕ್ ಹತ್ತಿರ ನೀವೂ ಕೇಳಿ ಬರೆಸಿಕೊಳ್ಳಿ, ನಾನೇ ಬಂದಿದ್ದರೂ ಸರಿ.